ಡ್ರಿಲ್ ಸಾವಧಾನ, ಅಜ್ಜಿ ಸಾವಧಾನ

(ಹಾಸನದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತು. ಆಮೇಲೆ ಕೂತು ಬರೆದಿದ್ದೇನೆ. ಅಲ್ಲಿ ಹೇಳಲು ಮರೆತ ಒಂದೆರಡು ಸಂಗತಿ ಇಲ್ಲಿ ಸೇರಿವೆ. ಮೈಕ್ ಕೈಕೊಟ್ಟ ಹತ್ತು ನಿಮಿಷ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮುದ್ದೆ, ಅವರೆಕಾಳು ಸಾರು ಉಂಡು ಬಂದವರ ಮುಂದೆ ಗಮನದ ಬಗ್ಗೆ ಮಾತಾಡು ಅಂತ ನನ್ನನ್ನು ನಿಲ್ಲಿಸಿದ್ದಾರೆ. ನಿದ್ದೆ ಬಂದರೆ ಬರಲಿ, ನನಗೆ ಬೇಜಾರಿಲ್ಲ. ಈ ಬೇಜಾರು ಅನ್ನುವ ಪದವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅದಕ್ಕೆ ಬರುತ್ತೇನೆ.

ಮೊದಲು ಬೇರೆ ಒಂದು ಪದ ನೋಡೋಣ. ಸಾವಧಾನ. ಇದನ್ನು ನೀವೆಲ್ಲ ದಿನಾ ಕೇಳುತ್ತೀರಿ. ಬೆಳಗ್ಗೆ ಪ್ರಾರ್ಥನೆಗೆ ಮಕ್ಕಳು ಸಾಲು ನಿಂತಾಗ ಪಿಇ ಮೇಷ್ಟ್ರು ಕೂಗುತ್ತಾರಲ್ಲ, ‘ಸಾವಧಾನ್! ವಿಶ್ರಾಮ್!’ ಅಂತ, ಅದೇ. ಮಕ್ಕಳು ಟಕ್ ಅಂತ ಹಿಮ್ಮಡಿ ಸೇರಿಸುತ್ತಾರೆ, ಎದೆ ಉಬ್ಬಿಸುತ್ತಾರೆ, ಉಸಿರು ಬಿಗಿಹಿಡಿಯುತ್ತಾರೆ. ಇದು ಡ್ರಿಲ್ ಸಾವಧಾನ. ನಮ್ಮ ಅಜ್ಜಿ ಹೇಳುತ್ತಿದ್ದ ಸಾವಧಾನ ಬೇರೆ. ನಾನು ಬಿಸಿ ಕಾಫಿ ಲೋಟ ಹಿಡಿದು ಓಡಿದರೆ ‘ಸಾವಧಾನ ಕಣೇ’ ಅನ್ನುತ್ತಿದ್ದರು. ಅಪ್ಪ ಯಾರ ಮೇಲೋ ರೇಗಿ ಎದ್ದು ಹೊರಟರೆ ‘ಸ್ವಲ್ಪ ಸಾವಧಾನ ಮಾಡ್ಕೋ’ ಅನ್ನುತ್ತಿದ್ದರು. ಅವಧಾನ ಅಂದರೆ ಗಮನ. ಅಷ್ಟಾವಧಾನ, ಶತಾವಧಾನ ಅಂತ ಕೇಳಿರುತ್ತೀರಿ. ಗಮನ ಇಟ್ಟುಕೊಂಡು ಇರುವುದು ಸಾವಧಾನ. ಆದರೆ ಕನ್ನಡದಲ್ಲಿ ಅದಕ್ಕೆ ನಿಧಾನ, ತಾಳ್ಮೆ ಅನ್ನುವ ಅರ್ಥಗಳೂ ಅಂಟಿಕೊಂಡಿವೆ. ಗಮನ ಇಟ್ಟವನು ತಾನಾಗೇ ನಿಧಾನವಾಗುತ್ತಾನೆ ಅಂತ ಹಳಬರಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಇವತ್ತು ಜಗತ್ತೆಲ್ಲ ಮೈಂಡ್‌ಫುಲ್‌ನೆಸ್ ಅಂತ ಕರೆಯುತ್ತಿರುವುದು ಹೆಚ್ಚುಕಮ್ಮಿ ಈ ಅಜ್ಜಿ ಸಾವಧಾನವನ್ನೇ. ನಾವು ಶಾಲೆಯಲ್ಲಿ ಅದನ್ನು ಡ್ರಿಲ್ ಸಾವಧಾನ ಮಾಡಿಬಿಡುತ್ತೇವೆ. ನಾನೇ ಮಾಡಿದ್ದೆ. ಅದನ್ನು ಹೇಳೋಕೇ ಇವತ್ತು ಬಂದಿದ್ದು.

ಇದರ ಹಿನ್ನೆಲೆ ಬೇಗ ಹೇಳಿ ಮುಗಿಸುತ್ತೇನೆ, ಇಲ್ಲಿ ಬಹಳ ಜನಕ್ಕೆ ತರಬೇತಿಯಲ್ಲಿ ಕೇಳಿ ಗೊತ್ತಿದೆ. ಪಾಳಿ ಭಾಷೆಯಲ್ಲಿ ಬುದ್ಧನ ಉಪದೇಶಗಳಲ್ಲಿ ‘ಸತಿ’ ಅನ್ನುವ ಪದ ಬರುತ್ತದೆ. ನಮ್ಮ ‘ಸ್ಮೃತಿ’ಯೇ ಅದು. ಈಗ ನಡೆಯುತ್ತಿರುವುದನ್ನು ಮರೆಯದೆ ಇರುವುದು. 1881ರಲ್ಲಿ ರೀಸ್ ಡೇವಿಡ್ಸ್ ಅನ್ನುವ ವಿದ್ವಾಂಸರು ಅದಕ್ಕೆ ಇಂಗ್ಲಿಷಿನಲ್ಲಿ ಮೈಂಡ್‌ಫುಲ್‌ನೆಸ್ ಅಂತ ಹಾಕಿದರು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೈದ್ಯಕೀಯ ಕಾಲೇಜೊಂದರಲ್ಲಿ ಜಾನ್ ಕಬಾಟ್-ಜಿನ್ ಅನ್ನುವವರು, ವಾಸಿಯಾಗದ ನೋವಿನ ರೋಗಿಗಳಿಗೆ ಇದನ್ನು ಕಲಿಸಲು ಶುರು ಮಾಡಿದರು. ಮಂತ್ರ ಇಲ್ಲ, ಮೂರ್ತಿ ಇಲ್ಲ, 8 ವಾರದ ಕೋರ್ಸು. ಆಸ್ಪತ್ರೆಯಿಂದ ಅದು ನಿಧಾನವಾಗಿ ಶಾಲೆಗೆ ಬಂತು. ಇನ್ನೊಂದು ಕಡೆಯಿಂದ ‘ಸಾಮಾಜಿಕ-ಭಾವನಾತ್ಮಕ ಕಲಿಕೆ’ ಬಂತು. ಹೆಸರು ಕೇಳಿದರೇ ಸುಸ್ತಾಗುತ್ತದೆ, ಅಲ್ವಾ? ವಿಷಯ ಸರಳ. ನನಗೆ ಏನಾಗುತ್ತಿದೆ ಅಂತ ಗೊತ್ತಾಗಬೇಕು. ಅದನ್ನು ಸಂಭಾಳಿಸಲು ಬರಬೇಕು. ಎದುರಿನವನಿಗೆ ಏನಾಗುತ್ತಿದೆ ಅಂತ ತಿಳಿಯಬೇಕು. ಅವನ ಜೊತೆ ಹೊಂದಿಕೊಂಡು ಹೋಗಬೇಕು. ಯೋಚಿಸಿ ಹೆಜ್ಜೆ ಇಡಬೇಕು. ಇಷ್ಟೇ. ನಮ್ಮ ದೇಶದಲ್ಲಿ ದೆಹಲಿ ಸರ್ಕಾರ 2018ರ ಜುಲೈನಲ್ಲಿ ನರ್ಸರಿಯಿಂದ 8ನೇ ತರಗತಿವರೆಗೆ ‘ಹ್ಯಾಪಿನೆಸ್’ ಅಂತ ದಿನಕ್ಕೆ ಒಂದು ಪೀರಿಯಡ್ಡನ್ನೇ ಇಟ್ಟಿತು. ಅದಕ್ಕೆ ಪರೀಕ್ಷೆ ಇರಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಈ ಮಾತು ಬರುತ್ತದೆ. ಇಲ್ಲಿಗೆ ಇತಿಹಾಸ ಮುಗಿಯಿತು.

ಈಗ ನನ್ನ ಕಥೆ. ನಾನು ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಟೀಚರ್. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಗಳಿಂದ ಬರುತ್ತಾರೆ. ಎರಡು ದಿನದ ತರಬೇತಿ ಮುಗಿಸಿ ಭಾರೀ ಹುರುಪಿನಲ್ಲಿ ಶಾಲೆಗೆ ಬಂದೆ. ಬೈಲಕುಪ್ಪೆಗೆ ಪ್ರವಾಸ ಹೋದಾಗ ತಂದಿದ್ದ ಒಂದು ಹಿತ್ತಾಳೆ ಬಟ್ಟಲು ಮನೆಯಲ್ಲಿತ್ತು. ಅದನ್ನು ಮರದ ಕೋಲಿನಿಂದ ತಟ್ಟಿದರೆ ‘ಞಂ...’ ಅಂತ ಬಹಳ ಹೊತ್ತು ಗುಂಯ್‌ಗುಡುತ್ತದೆ. ಅದನ್ನು ಚೀಲದಲ್ಲಿ ಹಾಕಿಕೊಂಡು ಹೋದೆ.

ನಾಲ್ಕನೇ ಕ್ಲಾಸು. ‘ಎಲ್ಲರೂ ಬೆನ್ನು ನೆಟ್ಟಗೆ ಮಾಡಿ. ಕಣ್ಣು ಮುಚ್ಚಿ. ಹತ್ತು ನಿಮಿಷ ಉಸಿರು ಮಾತ್ರ ನೋಡಿ’ ಅಂದೆ. ಬಟ್ಟಲು ತಟ್ಟಿದೆ. ಹಿಂದಿನ ಬೆಂಚಿನ ಹುಡುಗ ಮೂರನೇ ನಿಮಿಷಕ್ಕೆ ಗೊರಕೆ ಹೊಡೆದ. ಉಳಿದವರು ಕಿಸಕ್ ಅಂದರು. ನಾನು ಡಸ್ಟರ್ ತಗೊಂಡು ಮೇಜಿಗೆ ಬಡಿದು ಕೂಗಿದೆ: ‘ಶಾಂತವಾಗಿ ಉಸಿರಾಡಿ ಅಂದೆ ಅಲ್ವಾ!’

ನೀವು ನಗುತ್ತಿದ್ದೀರಿ. ನಗಿ. ಅದಾಗಿ ವಾರದೊಳಗೆ ಜಗಲಿಯಲ್ಲಿ ಮಕ್ಕಳು ಟೀಚರ್ ಆಟ ಆಡುತ್ತಿದ್ದರು. ಒಬ್ಬಳು ಕಡ್ಡಿ ಹಿಡಿದು ಕಂಬಕ್ಕೆ ಬಡಿದು, ಕಣ್ಣು ಕೆಂಪಗೆ ಮಾಡಿ, ‘ಶಾಂತವಾಗಿ ಉಸಿರಾಡ್ರೋ!’ ಅಂತ ಕಿರುಚಿದಳು. ನನ್ನ ಧ್ವನಿ, ನನ್ನ ಹುಬ್ಬು, ಸೆರಗು ಸೊಂಟಕ್ಕೆ ಸಿಕ್ಕಿಸುವ ನನ್ನ ಚಾಳಿ, ಎಲ್ಲ ಅಚ್ಚುಕಟ್ಟಾಗಿ ಬಂದಿತ್ತು.

ಆದರೆ ನಿಜವಾಗಿ ನನಗೆ ಪಾಠ ಕಲಿಸಿದ್ದು ಇನ್ನೊಂದು ಹುಡುಗಿ. ಆ ಹತ್ತು ನಿಮಿಷ ಅವಳು ಕಣ್ಣು ಮುಚ್ಚಲೇ ಇಲ್ಲ. ನಾನು ನೋಡಿದಾಗ ಮುಚ್ಚುವುದು, ಆಚೆ ತಿರುಗಿದರೆ ತೆರೆಯುವುದು. ಎರಡು ದಿನ ಬೈದೆ. ಮೂರನೇ ದಿನ ಹತ್ತಿರ ಕರೆದು ಯಾಕೆ ಅಂತ ಕೇಳಿದೆ. ಬಹಳ ಹೊತ್ತು ಕಾಲ್ಬೆರಳಿಂದ ನೆಲ ಕೆರೆದಳು. ಆಮೇಲೆ ಹೇಳಿದಳು: ‘ಕಣ್ಣು ಮುಚ್ಚಿದ್ರೆ ಕೇಳ್ಸೋದು ಜಾಸ್ತಿ ಆಗುತ್ತೆ ಮಿಸ್.’

ಏನು ಕೇಳಿಸುತ್ತದೆ?

‘ಬೈನೆ ಮರ ಮುರಿಯೋದು.’

ಮಲೆನಾಡಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಬೈನೆ ತಾಳೆ ಜಾತಿಯ ಮರ, ಅದು ಅಂದರೆ ಆನೆಗೆ ಪ್ರಾಣ. ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಡಾನೆ ತೋಟಕ್ಕೆ ಬರುವುದು ಸುದ್ದಿಯೇ ಅಲ್ಲ, ದಿನಚರಿ. ಹಲಸು ಹಣ್ಣಾದಾಗ, ಭತ್ತ ಹಾಲುಗಟ್ಟಿದಾಗ ಇನ್ನೂ ಜಾಸ್ತಿ. ಯಾವ ಗುಂಪು ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ. 2022ರಿಂದ ಆನೆ ಕಾರ್ಯಪಡೆಯೂ ಇದೆ. ಆದರೆ ಲೈನ್ ಮನೆಯ ಹಿಂದಿನ ಗೋಡೆ ಒಂದೇ ಇಟ್ಟಿಗೆಯದ್ದು. ರಾತ್ರಿ ಅಪ್ಪ ಅಮ್ಮ ಉಸಿರು ಬಿಗಿಹಿಡಿದು ಕೂತಾಗ ಈ ಮಗುವೂ ಕೂತಿದೆ. ಅವಳಿಗೆ ಕಣ್ಣು ಮುಚ್ಚಿ ಸುಮ್ಮನೆ ಕೂರುವುದು ಅಂದರೆ ಆ ರಾತ್ರಿಯೇ. ನಾನು ಬಟ್ಟಲು ತಟ್ಟಿ ಹಗಲಲ್ಲೂ ಅವಳನ್ನು ಅಲ್ಲಿಗೇ ಕಳಿಸುತ್ತಿದ್ದೆ.

ಇದು ನನ್ನ ಶಾಲೆಯ ಒಂದು ಮಗುವಿನ ಮಾತಷ್ಟೇ ಅಲ್ಲ. ಮನೆಯಲ್ಲಿ ಹೊಡೆತ ತಿಂದ ಮಗು, ಸಾವು ಕಂಡ ಮಗು, ಯಾರಿಂದಲೋ ತೊಂದರೆಗೆ ಒಳಗಾದ ಮಗು, ಇವರಿಗೆ ಕಣ್ಣು ಮುಚ್ಚು ಅನ್ನುವುದೇ ಶಿಕ್ಷೆ ಆಗಬಹುದು. ಹಾಗಾಗಿ ಈಗ ನನ್ನ ತರಗತಿಯಲ್ಲಿ ಕಣ್ಣು ಮುಚ್ಚುವುದು ಅವರವರ ಇಷ್ಟ. ನೆಲ ನೋಡಬಹುದು, ಕಿಟಕಿ ನೋಡಬಹುದು. ಬೇಡ ಅಂದರೆ ಚಿತ್ರ ಬರೆಯಬಹುದು. ಹತ್ತು ನಿಮಿಷ ಹೋಗಿ ಒಂದು ನಿಮಿಷ ಆಯಿತು. ಹಿತ್ತಾಳೆ ಬಟ್ಟಲಿನಲ್ಲಿ ಈಗ ಸೀಮೆಸುಣ್ಣದ ಚೂರು ಹಾಕಿಟ್ಟಿದ್ದೇವೆ.

ಆ ಒಂದು ನಿಮಿಷದಲ್ಲಿ ಏನು ಮಾಡುತ್ತೇವೆ? ಕೇಳಿಸಿಕೊಳ್ಳುತ್ತೇವೆ. ಮಧ್ಯಾಹ್ನದ ಬಿಸಿಯೂಟ ಆದ ಮೇಲೆ ಎಲ್ಲರೂ ಕಣ್ಣು ಬಿಟ್ಟುಕೊಂಡೇ ಕೂತು ಎಷ್ಟು ಸದ್ದು ಕೇಳುತ್ತದೆ ಅಂತ ಎಣಿಸುವುದು. ಜೀರುಂಡೆ, ಅಡುಗೆಯಮ್ಮ ಪಾತ್ರೆ ತಿಕ್ಕುವುದು, ತಿರುವಿನಲ್ಲಿ ಬಸ್ಸಿನ ಹಾರ್ನು, ಯಾರದ್ದೋ ಹೊಟ್ಟೆ ಗುರ್ ಅಂದದ್ದು. ಆ ಹುಡುಗಿಯ ಕಿವಿ ಎಲ್ಲರಿಗಿಂತ ಚುರುಕು ಅಂತ ನಮಗೆ ಗೊತ್ತಾಗಿದ್ದು ಆಗಲೇ. ‘ಅದು ಬೈನೆ ಅಲ್ಲ ಮಿಸ್, ಬಿದಿರು. ಗಾಳಿಗೆ ಉಜ್ಜುತ್ತಾ ಇದೆ’ ಅಂದಳು ಒಂದು ದಿನ. ಅದೇ ಕಿವಿ. ಭಯಕ್ಕೆ ಕಾವಲು ಕೂತಿದ್ದದ್ದು ಈಗ ಕೆಲಸಕ್ಕೆ ಬಂತು. ಭಯ ಹೋಯಿತಾ ಅಂತ ಕೇಳಬೇಡಿ. ಆನೆ ಬರುವುದು ನಿಂತಿಲ್ಲ, ಭಯ ಯಾಕೆ ಹೋಗಬೇಕು? ಆನೆ ಇರುವ ಊರಲ್ಲಿ ಭಯ ಇರಬೇಕಾದ್ದೇ. ನಿಜವಾದ ಸದ್ದು ಯಾವುದು, ನೆನಪಿನ ಸದ್ದು ಯಾವುದು ಅಂತ ಬೇರೆ ಮಾಡಲು ಅವಳಿಗೆ ಬಂತು ಅಂತ ಮಾತ್ರ ಹೇಳಬಲ್ಲೆ.

ಉಸಿರಾಟ ಪೂರ್ತಿ ಬಿಟ್ಟೆ ಅಂತ ಅಂದುಕೊಳ್ಳಬೇಡಿ. ಆದರೆ ‘ದೀರ್ಘವಾಗಿ ಉಸಿರು ಎಳೆದುಕೋ’ ಅನ್ನುವುದನ್ನು ಬಿಟ್ಟಿದ್ದೇನೆ. ಗಾಬರಿಯಾದ ಮಗುವಿಗೆ ಎಳೆದುಕೋ ಅಂದರೆ ಭುಜ ಮೇಲೆತ್ತಿ ಇನ್ನಷ್ಟು ಬಿಗಿಯಾಗುತ್ತದೆ. ಉಸಿರು ಒಳಗೆ ತಗೊಳ್ಳುವಾಗ ಎದೆ ಬಡಿತ ಸ್ವಲ್ಪ ಜೋರಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ಅನ್ನುವ ನರದ ಕೆಲಸ ಅದು. ಹಾಗಾಗಿ ಬಿಡುವುದನ್ನು ಉದ್ದ ಮಾಡಿದರೆ ಸಾಕು. ಮಕ್ಕಳಿಗೆ ನಾನು ಹೇಳುವುದು ‘ಬಿಸಿ ಕಾಫಿ ಊದು’ ಅಂತ. ಕೈಯಲ್ಲಿ ಲೋಟ ಇದೆ ಅಂದುಕೊಂಡು ಊದುತ್ತಾರೆ. ಕಾಫಿ ಸೀಮೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಪ್ರಾಣಾಯಾಮ ನನಗೆ ಸಿಕ್ಕಿಲ್ಲ.

ಈಗ ಬೇಜಾರಿಗೆ ಬರೋಣ.

ನಮ್ಮ ಮಕ್ಕಳಿಗೆ ಏನೇ ಆದರೂ ಬೇಜಾರು. ಅಪ್ಪ ಕುಡಿದು ಬಂದರೂ ಬೇಜಾರು, ಟಿವಿ ರಿಮೋಟು ಸಿಗದಿದ್ದರೂ ಬೇಜಾರು. ಗೆಳತಿ ಮಾತು ಬಿಟ್ಟರೆ ಬೇಜಾರು, ಗಣಿತದ ಪೀರಿಯಡ್ಡೂ ಬೇಜಾರು. ಒಂದೇ ಪದ ಎಲ್ಲದಕ್ಕೂ ದುಡಿದು ದುಡಿದು ಸವೆದು ಹೋಗಿದೆ. ದೊಡ್ಡವರದ್ದೂ ಇದೇ ಕಥೆ, ನಮ್ಮಲ್ಲಿ ಅದರ ಜೊತೆಗೆ ‘ಟೆನ್ಷನ್’ ಅಂತ ಇನ್ನೊಂದು ಸೇರಿಕೊಂಡಿದೆ. ನಾನು ಐದನೇ ಕ್ಲಾಸಿನಲ್ಲಿ ಒಂದು ವಾರ ಬೇಜಾರು ಅನ್ನುವ ಪದಕ್ಕೆ ರಜೆ ಕೊಟ್ಟೆ. ಅದನ್ನು ಬಿಟ್ಟು ಬೇರೆ ಪದ ಹೇಳಬೇಕು. ಗೊತ್ತಿಲ್ಲದಿದ್ದರೆ ಮನೆಯಲ್ಲಿ ಅಜ್ಜಿಯನ್ನು ಕೇಳಿಕೊಂಡು ಬರಬೇಕು.

ಏನೇನು ಬಂತು ಅಂತೀರಿ! ಸಂಕಟ, ತಳಮಳ, ಕಸಿವಿಸಿ, ದಿಗಿಲು, ಅಳುಕು, ಮುನಿಸು, ಕೊರಗು, ಮುಜುಗರ, ಸಿಡಿಮಿಡಿ. ಒಬ್ಬ ‘ಹುಸಿಮುನಿಸು’ ತಂದ. ಅಂದರೆ ಏನೋ ಅಂತ ಕೇಳಿದರೆ, ‘ಅಮ್ಮ ಬಂದು ಕರೀಲಿ ಅಂತ ಊಟ ಬೇಡ ಅನ್ನೋದು’ ಅಂದ. ನಿಘಂಟಿನಲ್ಲಿ ಇಷ್ಟು ಚೆನ್ನಾಗಿ ಬರೆದಿರಲಾರರು. ಆಮೇಲೆ ನನಗೆ ಒಂದು ಹೊಳೆಯಿತು. ಈ ತರಬೇತಿಗಳಲ್ಲಿ ಒಂದು ಚಟುವಟಿಕೆ ಮಾಡಿಸುತ್ತಾರೆ, ನೋಡಿರುತ್ತೀರಿ: ಮನುಷ್ಯನ ದೇಹದ ಚಿತ್ರ ಕೊಟ್ಟು, ಕೋಪ ಬಂದರೆ ದೇಹದಲ್ಲಿ ಎಲ್ಲಿ ಗೊತ್ತಾಗುತ್ತದೆ, ಬಣ್ಣ ಹಾಕಿ ಅಂತ. ನಮಗೆ ಆ ಚಿತ್ರ ಬೇಕೇ ಇಲ್ಲ. ಕನ್ನಡ ಮೊದಲೇ ಬಣ್ಣ ಹಾಕಿಟ್ಟಿದೆ. ಹೊಟ್ಟೆಕಿಚ್ಚು ಎಲ್ಲಿ? ಹೊಟ್ಟೆಯಲ್ಲಿ. ತಲೆಬಿಸಿ ತಲೆಯಲ್ಲಿ. ಕರುಳು ಚುರ್ ಅನ್ನುತ್ತದೆ, ಎದೆ ಝಲ್ ಅನ್ನುತ್ತದೆ, ಮೈ ಉರಿಯುತ್ತದೆ, ಗಂಟಲು ಕಟ್ಟುತ್ತದೆ, ಮುಖ ಸಣ್ಣದಾಗುತ್ತದೆ. ಮಗುವಿಗೆ ‘ನಿನ್ನ ಭಾವನೆಯನ್ನು ಗುರುತಿಸು’ ಅಂದರೆ ಅದು ನಮ್ಮ ಮುಖ ನೋಡುತ್ತದೆ. ‘ಎದೆ ಝಲ್ ಅಂತಾ, ಗಂಟಲು ಕಟ್ತಾ?’ ಅಂತ ಕೇಳಿ, ಥಟ್ ಅಂತ ಉತ್ತರ ಬರುತ್ತದೆ.

ಹೆಸರು ಹೇಳಿದರೆ ಏನಾಗುತ್ತದೆ ಅಂತ ಕೇಳುವವರಿಗೆ ಒಂದು ಸಂಶೋಧನೆ ಹೇಳುತ್ತೇನೆ. 2007ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಅವರ ಜೊತೆಯವರು ದೊಡ್ಡವರನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಸಿಟ್ಟಿನ ಮುಖ, ಹೆದರಿದ ಮುಖಗಳನ್ನು ತೋರಿಸಿದರು. ಆ ಮುಖದ ಭಾವಕ್ಕೆ ಹೆಸರು ಆರಿಸಿದಾಗ ಮಿದುಳಿನಲ್ಲಿ ಅಮಿಗ್ಡಲಾ ಅನ್ನುವ ಭಾಗದ ಗಲಾಟೆ ಕಮ್ಮಿಯಾಯಿತು. ಅಪಾಯ ಅಂತ ಮೊದಲು ಗಂಟೆ ಹೊಡೆಯುವ ಭಾಗ ಅದು. ಹಾಗಂತ ಹೆಸರು ಹೇಳಿದ ತಕ್ಷಣ ಜಗಳ ನಿಲ್ಲುವುದಿಲ್ಲ. ನಮ್ಮ ಶಾಲೆಯಲ್ಲಿ ಒಬ್ಬ ‘ನಂಗೆ ಹೊಟ್ಟೆಕಿಚ್ಚು ಆಗ್ತಿದೆ’ ಅಂತ ಹೇಳಿಯೇ ಇನ್ನೊಬ್ಬನ ಕಂಪಾಸ್ ಬಾಕ್ಸ್ ಎಸೆದ. ಮೊದಲಾದರೆ ಹೇಳದೆ ಎಸೆಯುತ್ತಿದ್ದ.

ಇನ್ನೊಂದು ದಿನದ ಬಗ್ಗೆ ಹೇಳಬೇಕು. 2023ರ ಡಿಸೆಂಬರ್ 4, ಸೋಮವಾರ. ನಿಮಗೆಲ್ಲ ನೆನಪಿದೆ. ಎಂಟು ಸಲ ಅಂಬಾರಿ ಹೊತ್ತ ಅರ್ಜುನ ನಮ್ಮ ತಾಲ್ಲೂಕಿನ ಯಸಳೂರು ಕಡೆ ಕಾಡಾನೆ ಕಾರ್ಯಾಚರಣೆಯಲ್ಲಿ ಸತ್ತ. ಒಂಟಿಸಲಗದ ಜೊತೆ ಕಾದಾಡಿ ಸತ್ತ. ಮಾರನೇ ದಿನ ಶಾಲೆಯಲ್ಲಿ ಯಾರ ಮುಖದಲ್ಲೂ ಕಳೆ ಇಲ್ಲ. ಎಲ್ಲರೂ ಮೊಬೈಲಲ್ಲಿ ನೋಡಿದ್ದಾರೆ. ನೋಡಬಾರದ ವಿಡಿಯೋಗಳನ್ನೂ ನೋಡಿದ್ದಾರೆ. ಮೊದಲ ಪೀರಿಯಡ್ಡು ಪರಿಸರ ಅಧ್ಯಯನ. ಪುಸ್ತಕ ತೆಗೆಯಿರಿ ಅಂದೆ. ಯಾರೂ ತೆಗೆಯಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಸುಮ್ನೆ ನೆಲದ ಮೇಲೆ ದುಂಡಗೆ ಕೂತೆವು.

ಒಬ್ಬ ಶುರು ಮಾಡಿದ, ಆ ಕಾಡಾನೆಯನ್ನು ಸಾಯಿಸಬೇಕು ಅಂತ. ಇನ್ನೊಬ್ಬಳು, ಅದಕ್ಕೂ ಮರಿ ಇರುತ್ತೆ ಅಂದಳು. ‘ಸಲಗಕ್ಕೆ ಎಲ್ಲಿಯ ಮರಿಯೇ’ ಅಂತ ಮಗದೊಬ್ಬ. ಸ್ವಲ್ಪ ಗಲಾಟೆ ಆಯಿತು. ಆಗ ಸಣ್ಣ ತೋಟದವರ ಮನೆಯ ಒಬ್ಬ ಹುಡುಗ, ಸಾಮಾನ್ಯವಾಗಿ ಮಾತೇ ಆಡದವನು, ಹೇಳಿದ: ‘ನಮ್ಮ ಗದ್ದೆಗೆ ಆನೆ ಬಂದಾಗ ಸಾಯ್ಲಿ ಅಂತ ಬೈತೀನಿ. ನಿನ್ನೆ ಅರ್ಜುನಂಗೆ ಅತ್ತೆ. ನಾನು ಸುಳ್ಳು ಅತ್ನಾ ಮಿಸ್?’

ನನಗೆ ಗಂಟಲು ಕಟ್ಟಿತು. ಒಂದೇ ಎದೆಯಲ್ಲಿ ಎರಡು ಇರಬಹುದು ಕಣೋ, ಎರಡೂ ನಿಜವೇ ಅಂದೆ. ಅಷ್ಟು ಹೇಳುವಷ್ಟರಲ್ಲಿ ನನ್ನ ಕಣ್ಣಲ್ಲೂ ನೀರು. ಟೀಚರ್ ಅಳುವುದನ್ನು ಮಕ್ಕಳು ಆವತ್ತೇ ಮೊದಲು ನೋಡಿದ್ದು. ಯಾರೋ ನನಗೆ ನೀರಿನ ಬಾಟಲಿ ತಂದುಕೊಟ್ಟರು. ಇನ್ನೊಬ್ಬಳು ‘ಕಾಫಿ ಊದಿ ಮಿಸ್’ ಅಂದಳು. ಊದಿದೆ. ಸಾಮಾಜಿಕ-ಭಾವನಾತ್ಮಕ ಕಲಿಕೆಯ ಪಾಠ ಯೋಜನೆ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಆ ಪೀರಿಯಡ್ಡನ್ನೇ ತೋರಿಸುತ್ತೇನೆ. ಡೈರಿಯಲ್ಲಿ ಮಾತ್ರ ‘ಪರಿಸರ ಅಧ್ಯಯನ, ಪುನರಾವರ್ತನೆ’ ಅಂತ ಬರೆದೆ. ಇಲ್ಲಿ ಯಾರಾದರೂ ಸಿಆರ್‌ಪಿ, ಅಂದರೆ ಶಾಲೆಗಳನ್ನು ನೋಡಲು ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು, ಇದ್ದರೆ ಕ್ಷಮಿಸಿ.

ಆಟದ ವಿಷಯ ಹೇಳದಿದ್ದರೆ ಪಿಇ ಮೇಷ್ಟ್ರುಗಳು ನನ್ನನ್ನು ಬಿಡುವುದಿಲ್ಲ. ಕೆರೆ-ದಡ ಆಡಿದ್ದೀರಲ್ಲ? ಗೆರೆಯ ಒಳಗೆ ಕೆರೆ, ಹೊರಗೆ ದಡ. ‘ಕೆರೆ’ ಅಂದರೆ ಜಿಗಿಯಬೇಕು, ‘ದಡ’ ಅಂದರೆ ವಾಪಸ್ಸು. ಮೇಷ್ಟ್ರು ಬೇಕಂತಲೇ ‘ದಡ, ದಡ, ಕೆರೆ, ಕೆರೆ’ ಅಂತ ಯಾಮಾರಿಸುತ್ತಾರೆ. ಕಾಲು ಹೊರಡುತ್ತದೆ, ತಡೆಯಬೇಕು. ಹೊರಟ ಕಾಲನ್ನು ತಡೆಯುವುದು ಮತ್ತು ಹೊರಟ ಮಾತನ್ನು ತಡೆಯುವುದು, ಎರಡೂ ಮಿದುಳಿನ ಮುಂಭಾಗದ ಕೆಲಸವೇ. ಆ ಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಅಮೆರಿಕದಲ್ಲಿ ಪುಟ್ಟ ಮಕ್ಕಳಿಗೆ ತಮ್ಮನ್ನು ತಾವು ತಡೆದುಕೊಳ್ಳಲು ಎಷ್ಟು ಬರುತ್ತದೆ ಅಂತ ಅಳೆಯಲು ಇಂಥದ್ದೇ ಒಂದು ಆಟ ಆಡಿಸುತ್ತಾರೆ. ತಲೆ ಅಂದರೆ ಪಾದ ಮುಟ್ಟಬೇಕು, ಪಾದ ಅಂದರೆ ತಲೆ. ನಮ್ಮ ಅಂಗಳದಲ್ಲಿ ಬಿದ್ದಿರುವುದನ್ನು ಅವರು ಅಳತೆಗೋಲು ಮಾಡಿದ್ದಾರೆ. ಪಿಇ ಪೀರಿಯಡ್ಡನ್ನು ಕಿತ್ತುಕೊಂಡು ಗಣಿತ ಮಾಡುವವರು ಸ್ವಲ್ಪ ಯೋಚಿಸಿ.

ಕಾಫಿ ಕೊಯ್ಲಿಗೆ ಅಸ್ಸಾಂನಿಂದ ಬಂದ ಕುಟುಂಬದ ಹುಡುಗನೊಬ್ಬ ಮೂರನೇ ಕ್ಲಾಸಿಗೆ ಸೇರಿದ. ಕನ್ನಡ ಬಾರದು. ಬಾಯಿ ತೆರೆದರೆ ಉಳಿದವರು ನಗುತ್ತಿದ್ದರು. ‘ಅವನ ಜಾಗದಲ್ಲಿ ನೀವಿದ್ದರೆ’ ಅಂತ ನಾನು ಉದ್ದಕ್ಕೆ ಭಾಷಣ ಮಾಡಿದೆ. ಯಾರ ಕಿವಿಗೂ ಹೋಗಲಿಲ್ಲ. ಲಗೋರಿಯಲ್ಲಿ ಅವನ ಗುರಿ ತಪ್ಪುವುದೇ ಇಲ್ಲ ಅಂತ ಗೊತ್ತಾದ ದಿನ ಎರಡೂ ಟೀಮು ಅವನಿಗಾಗಿ ಜಗಳವಾಡಿದವು. ಅವನು ಕಲಿತ ಮೊದಲ ಕನ್ನಡ ವಾಕ್ಯ ‘ಮೋಸ ಮಾಡ್ಬೇಡ್ರೋ’. ಮಾರ್ಚ್ ಮುಗಿಯುವ ಹೊತ್ತಿಗೆ ಕುಟುಂಬ ಬೇರೆ ತೋಟಕ್ಕೆ ಹೋಯಿತು. ಈಗ ಎಲ್ಲಿದ್ದಾನೋ. ಇಂಥ ಮಕ್ಕಳ ಬಗ್ಗೆ ನಾವು ಮಾಡುತ್ತಿರುವುದು ಏನೇನೂ ಸಾಲದು, ಅದನ್ನು ಒಪ್ಪಿಕೊಳ್ಳುತ್ತೇನೆ.

ಈಗ ಒಂದು ಖಾರದ ಮಾತು. ಮೈಂಡ್‌ಫುಲ್‌ನೆಸ್ ಕಲಿಸಿದರೆ ಮಕ್ಕಳೆಲ್ಲ ಸರಿಹೋಗುತ್ತಾರೆ ಅಂತ ಕಿಟ್ಟು, ಪುಸ್ತಕ, ಆ್ಯಪು ಮಾರುವವರು ಬರುತ್ತಾರೆ. ಅವರಿಗೆ ಕೇಳಿ, ಬ್ರಿಟನ್ನಿನಲ್ಲಿ ಏನಾಯಿತು ಅಂತ. ಅಲ್ಲಿ 85 ಶಾಲೆಗಳ 8,000ಕ್ಕೂ ಜಾಸ್ತಿ ಮಕ್ಕಳ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಹೆಚ್ಚಿನವರು 11ರಿಂದ 13 ವರ್ಷದವರು. ಅರ್ಧ ಶಾಲೆಗಳಲ್ಲಿ ತರಬೇತಿ ಪಡೆದ ಶಿಕ್ಷಕರು ಮೈಂಡ್‌ಫುಲ್‌ನೆಸ್ ಪಾಠ ಮಾಡಿದರು. ಉಳಿದ ಶಾಲೆಗಳಲ್ಲಿ ಮೊದಲಿಂದ ನಡೆಯುತ್ತಿದ್ದ ಸಾಮಾಜಿಕ-ಭಾವನಾತ್ಮಕ ಪಾಠಗಳು ಮುಂದುವರಿದವು. 2022ರಲ್ಲಿ ಫಲಿತಾಂಶ ಬಂತು. ಮಕ್ಕಳ ಮನಸ್ಸಿನ ಆರೋಗ್ಯದಲ್ಲಿ ಏನೂ ವ್ಯತ್ಯಾಸ ಇಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಮೊದಲೇ ಕಷ್ಟದಲ್ಲಿದ್ದ ಮಕ್ಕಳ ವಿಷಯದಲ್ಲಿ ಎಚ್ಚರ ಬೇಕು ಅಂತಲೂ ಸಂಶೋಧಕರು ಹೇಳಿದರು. ನನ್ನ ಬೈನೆ ಮರದ ಹುಡುಗಿ ಕೂಡಲೇ ನೆನಪಾದಳು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಕಂಡಿತು. ಶಿಕ್ಷಕರ ಸುಸ್ತು, ಕೆಲಸದ ಬಳಲಿಕೆ ಸ್ವಲ್ಪ ಕಾಲಕ್ಕಾದರೂ ಕಮ್ಮಿಯಾಗಿತ್ತು. ಔಷಧಿ ಮಕ್ಕಳಿಗೆ ಅಂತ ತಂದರು, ಗುಣ ಆಗಿದ್ದು ಟೀಚರಿಗೆ.

ನನಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ. ಡಸ್ಟರ್ ಬಡಿದವಳು ನಾನು. ಸಾವಧಾನ ಇಲ್ಲದೆ ಇದ್ದದ್ದು ನನಗೆ.

ಆಮೇಲೆ ಪ್ರಶ್ನೆಗಳು ಬಂದವು. ಅವನ್ನೂ ಬರೆದುಬಿಡುತ್ತೇನೆ.

ಒಬ್ಬ ತಂದೆ ಎದ್ದು ನಿಂತು, ‘ಇದೆಲ್ಲ ಮಾಡಿದ್ರೆ ಮಾರ್ಕ್ಸ್ ಬರುತ್ತಾ?’ ಅಂದರು. ನೇರ ಪ್ರಶ್ನೆ, ನನಗೆ ಇಷ್ಟವಾಯಿತು. 2011ರಲ್ಲಿ 213 ಶಾಲಾ ಕಾರ್ಯಕ್ರಮಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಅಧ್ಯಯನ ಇದೆ, 2,70,000ಕ್ಕೂ ಹೆಚ್ಚು ಮಕ್ಕಳ ಲೆಕ್ಕ. ಸಾಮಾಜಿಕ-ಭಾವನಾತ್ಮಕ ಪಾಠ ಕಲಿತ ಮಕ್ಕಳು ಓದಿನಲ್ಲೂ ಸರಾಸರಿ 11 ಪರ್ಸೆಂಟೈಲ್ ಮುಂದಿದ್ದರು, ಅಂದರೆ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಹನ್ನೊಂದು ಜಾಗ ಮುಂದೆ. ಆದರೆ ಅದರಲ್ಲಿ ಹೆಚ್ಚಿನವು ಅಮೆರಿಕದ ಶಾಲೆಗಳು. ನಮ್ಮ ಎಸ್‌ಎಸ್‌ಎಲ್‌ಸಿಗೆ ಇಷ್ಟು ಅಂಕ ಜಾಸ್ತಿ ಬರುತ್ತದೆ ಅಂತ ನಾನು ಬರೆದುಕೊಡಲಾರೆ ಅಂದೆ. ‘ಸರಿ, ನಷ್ಟ ಏನಿಲ್ವಲ್ಲ’ ಅಂತ ಕೂತರು.

ಚನ್ನರಾಯಪಟ್ಟಣ ಕಡೆಯ ಒಬ್ಬರು, ‘ಇದು ಬೌದ್ಧರದ್ದಾ, ಯೋಗದವರದ್ದಾ? ನಮ್ಮಲ್ಲಿ ಎಲ್ಲ ಧರ್ಮದ ಮಕ್ಕಳಿದ್ದಾರೆ’ ಅಂದರು. ನಿಮ್ಮ ಪಕ್ಕದಲ್ಲೇ ಶ್ರವಣಬೆಳಗೊಳ ಇದೆ ಅಂದೆ. ಕಾಲಿಗೆ ಬಳ್ಳಿ ಹಬ್ಬಿದರೂ ಅಲುಗದೆ ನಿಂತವನನ್ನು ಎಲ್ಲ ಧರ್ಮದವರೂ ಬೆಟ್ಟ ಹತ್ತಿ ನೋಡಿಕೊಂಡು ಬರುತ್ತಾರೆ. ಬೇರು ಎಲ್ಲಿದ್ದರೂ ತರಗತಿಯಲ್ಲಿ ಮಂತ್ರ, ಫೋಟೊ, ಕೈಮುಗಿಯುವುದು ಯಾವುದೂ ಬೇಡ. ಕಾಫಿ ಊದಲು ಯಾವ ಧರ್ಮವೂ ಅಡ್ಡ ಬರುವುದಿಲ್ಲ.

ಒಬ್ಬ ಯುವ ಶಿಕ್ಷಕಿ ಕೇಳಿದ್ದು ಎಲ್ಲಕ್ಕಿಂತ ಮುಖ್ಯ. ‘ಮಕ್ಕಳು ನಿಜವಾಗ್ಲೂ ಮಾತಾಡೋಕೆ ಶುರು ಮಾಡಿದ್ರೆ? ಕೇಳಬಾರದ್ದು ಕೇಳಿಸಿದ್ರೆ?’ ಕೇಳಿಸುತ್ತದೆ. ಅದಕ್ಕೆ ತಯಾರಿಲ್ಲದಿದ್ದರೆ ಈ ಕೆಲಸ ಶುರು ಮಾಡಬೇಡಿ. ಮೊದಲನೆಯದು, ‘ಯಾರಿಗೂ ಹೇಳಲ್ಲ’ ಅಂತ ಮಗುವಿಗೆ ಮಾತು ಕೊಡಬೇಡಿ. ‘ನಿನ್ನನ್ನು ಕಾಪಾಡೋಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ’ ಅನ್ನಿ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸಲೇಬೇಕು, ಅದು ನಮ್ಮ ಇಷ್ಟಾನಿಷ್ಟದ ಮಾತಲ್ಲ. ಮಕ್ಕಳ ಸಹಾಯವಾಣಿ 1098. ಮಗು ದಿಢೀರನೆ ಮಂಕಾದರೆ, ಊಟ ನಿದ್ದೆ ಬಿಟ್ಟರೆ, ಸಾಯುವ ಮಾತಾಡಿದರೆ, ತನ್ನ ಕೈಯನ್ನು ತಾನೇ ಗೀರಿಕೊಂಡರೆ, ಊದುವ ಕಾಫಿ ಸಾಲದು. ಪೋಷಕರನ್ನು ಕರೆದು ವೈದ್ಯರ ಹತ್ತಿರ ಕಳಿಸಿ. ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ನಾವು ಟೀಚರುಗಳು, ಡಾಕ್ಟರುಗಳಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಶಿಕ್ಷಕಿ, ಎದ್ದು ನಿಲ್ಲದೆ, ಕೂತಲ್ಲಿಂದಲೇ ಕೇಳಿದರು: ‘ಎಲ್ಲಾ ಸರಿ. ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಗಣತಿ, ಆನ್‌ಲೈನ್ ಎಂಟ್ರಿ ಮುಗಿಸಿ ಕ್ಲಾಸಿಗೆ ಹೋಗ್ತೀವಿ. ನಮ್ಮ ಎದೆ ಝಲ್ ಅಂದದ್ದನ್ನ ಯಾರು ಕೇಳ್ತಾರೆ?’

ಸಭೆಯಲ್ಲಿ ಯಾರೂ ನಗಲಿಲ್ಲ. ನನ್ನ ಹತ್ತಿರ ದೊಡ್ಡ ಉತ್ತರ ಇರಲಿಲ್ಲ. ನಾವು ಮಾಡುತ್ತಿರುವುದನ್ನು ಹೇಳಿದೆ. ತಿಂಗಳಿಗೊಮ್ಮೆ ಸಮಾಲೋಚನಾ ಸಭೆ ಮುಗಿದ ಮೇಲೆ ನಾವು ಐದು ಜನ ಟೀಚರುಗಳು ಸಕಲೇಶಪುರ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿನಲ್ಲಿ ಕೂರುತ್ತೇವೆ. ಬೇಜಾರು ಅನ್ನುವ ಪದಕ್ಕೆ ಅಲ್ಲೂ ರಜೆ. ಒಬ್ಬರು ಮಾತಾಡುವಾಗ ಉಳಿದವರು ಬುದ್ಧಿ ಹೇಳುವ ಹಾಗಿಲ್ಲ, ಮೊಬೈಲ್ ಮುಟ್ಟುವ ಹಾಗಿಲ್ಲ. ಕೊನೆಯ ಬಸ್ಸು ಹೊರಡುವ ಮೊದಲು ಏಳುತ್ತೇವೆ. ಕಾಫಿ ದುಡ್ಡು ಸರದಿ ಪ್ರಕಾರ.

ಆ ಶಿಕ್ಷಕಿ ಆಲೂರಿನವರಂತೆ. ಹೊರಡುವಾಗ ಬಾಗಿಲಲ್ಲಿ ಸಿಕ್ಕಿ, ಮುಂದಿನ ಸಲ ಯಾವ ಶನಿವಾರ ಅಂತ ಕೇಳಿ, ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು.